ಲಾಳಿಯ ಮೂಗು

ಕೊಯಮತ್ತೂರು ಸೀಮೆಯ ಕರುಮತ್ತಂಪಟ್ಟಿಯಲ್ಲಿದ್ದ ನಮ್ಮ ಹಳೆಯ ಮನೆ ಬಿದ್ದು ಆಗಲೇ ಎಂಟು ವರ್ಷವಾಗಿತ್ತು. ಮಣ್ಣಿನ ಗೋಡೆ ಮಳೆಗೆ ಕರಗಿ ನೆಲಕ್ಕೆ ಸೇರಿತ್ತು. ಹೆಂಚುಗಳನ್ನು ಯಾರೋ ಒಯ್ದಿದ್ದರು. ನಡುಮನೆ ಇದ್ದಲ್ಲಿ ಎಕ್ಕದ ಗಿಡ, ಅಡುಗೆಮನೆ ಇದ್ದಲ್ಲಿ ಜಾಲಿ. 2019ರ ಮಾರ್ಚ್‌ನಲ್ಲಿ ಆ ಜಾಗವನ್ನು ಮಾರಿಬಿಡುವುದೆಂದು ದಾಯಾದಿಗಳೆಲ್ಲ ಒಪ್ಪಿದರು. ಕಾಗದಕ್ಕೆ ಸಹಿ ಹಾಕಲು ನಾನು ಬೆಂಗಳೂರಿನಿಂದ ಹೋದೆ. ನನ್ನ ಅಕ್ಕನ ಮಗ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅವನು ಬರುವಾಗ ಉದ್ದನೆಯ ಪೆಟ್ಟಿಗೆಯೊಂದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದಿದ್ದ. ಬಿಚ್ಚಿದರೆ ಒಳಗೆ ಮೆಟಲ್ ಡಿಟೆಕ್ಟರ್.

"ಮಾಮಾ, ನಾಳೆಯಿಂದ ಇದು ನಮ್ಮದಲ್ಲ. ಕೊಡೋಕೆ ಮುಂಚೆ ಒಂದ್ಸಲ ನೋಡಿಬಿಡೋಣ" ಎಂದ.

ನನಗೂ ಬೇಡವೆನ್ನಿಸಲಿಲ್ಲ. ಆ ಸೀಮೆಯ ಮಣ್ಣು ಅಂಥದ್ದು. ಕೊಯಮತ್ತೂರಿನ ಪಕ್ಕದ ವೆಳ್ಳಲೂರಿನಲ್ಲಿ 1842ರಲ್ಲಿ ನೆಲ ಅಗೆದಾಗ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಅಗಸ್ಟಸ್, ಟೈಬೀರಿಯಸ್ ಎಂಬ ಚಕ್ರವರ್ತಿಗಳ ಮುಖವಿದ್ದ ನಾಣ್ಯಗಳು. ಪಾಲಕ್ಕಾಡಿನ ಕಣಿವೆಯಿಂದ ಒಳಗೆ ಬಂದು, ನೊಯ್ಯಲ್ ನದಿಯ ಗುಂಟ ಕರೂರಿನ ಕಡೆಗೆ ಸಾಗುತ್ತಿದ್ದ ವ್ಯಾಪಾರದ ದಾರಿ ಅದು. ನಮ್ಮೂರಿನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ, ಅದೇ ನೊಯ್ಯಲ್ಲಿನ ಉತ್ತರ ದಡದಲ್ಲಿ ಕೊಡುಮಣಲ್ ಇದೆ. ತಂಜಾವೂರಿನ ತಮಿಳು ವಿಶ್ವವಿದ್ಯಾಲಯದವರು 1985ರಿಂದ ಅಲ್ಲಿ ಅಗೆದರು. ಕಬ್ಬಿಣ ಕರಗಿಸುತ್ತಿದ್ದ ಕುಲುಮೆ, ಪಚ್ಚೆ ಬಣ್ಣದ ಬೆರಿಲ್ ಕಲ್ಲು, ಕೆಂಪು ಮಣಿಗಳು, ಹೆಸರು ಕೆತ್ತಿದ ಮಡಕೆಯ ಚೂರುಗಳು ಸಿಕ್ಕವು. ಅವುಗಳ ಜೊತೆಗೆ ಸುಟ್ಟ ಮಣ್ಣಿನ ಪುಟ್ಟ ಬಿಲ್ಲೆಗಳು. ನಟ್ಟನಡುವೆ ತೂತು, ಆ ತೂತಿನಲ್ಲಿ ತೆಳ್ಳನೆಯ ಕಬ್ಬಿಣದ ಕಡ್ಡಿ. ಹತ್ತಿಯ ನೂಲು ತೆಗೆಯುವ ಕದಿರು. ಎರಡು ಸಾವಿರ ವರ್ಷದ ಹಿಂದೆ ಅಲ್ಲಿ ಒಬ್ಬಳು ಕುಳಿತು ನೂಲು ತೆಗೆದಿದ್ದಾಳೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಓದಿದಾಗಿನಿಂದ ಆ ಕದಿರು ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಕೊಡುಮಣಲ್ಲಿನಂಥ ಕಡೆ ನಮ್ಮಂಥವರು ಸನಿಕೆ ಹಿಡಿದು ಹೋಗಬಾರದು. ಅಲ್ಲಿ ಒಂದು ಮಣಿಯನ್ನು ಅದು ಬಿದ್ದಿದ್ದ ಜಾಗದಿಂದ ಎತ್ತಿದರೆ, ಆ ಮಣಿ ಮಾತಾಡುವುದನ್ನು ನಿಲ್ಲಿಸುತ್ತದೆ. ನಮ್ಮದೇ ಜಾಗದಲ್ಲಿ ಸಿಕ್ಕರೂ ಸರಿಯೆ, ನೆಲದಡಿಯ ನಿಧಿ ಹತ್ತು ರೂಪಾಯಿಗಿಂತ ಹೆಚ್ಚು ಬಾಳುವುದಾದರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ಕಾಯಿದೆ ಹೇಳುತ್ತದೆ. ಅದನ್ನು ಅಕ್ಕನ ಮಗನಿಗೆ ಮೊದಲೇ ಹೇಳಿ, ಮನೆಯ ಪಾಯದ ಒಳಗಷ್ಟೇ ಯಂತ್ರ ಆಡಿಸಲು ಒಪ್ಪಿಕೊಂಡೆ.

ಬೆಳಗ್ಗೆ ಏಳಕ್ಕೆ ಶುರುಮಾಡಿದೆವು. ಜಪಮಾಲೆ ಮಾತೆಯ ಇಗರ್ಜಿಯ ಗಂಟೆ, ಹೆದ್ದಾರಿಯ ಲಾರಿಗಳ ಸದ್ದು, ಇವುಗಳ ನಡುವೆ ನಮ್ಮ ಯಂತ್ರದ ಕೂಗು. ಮೊದಲ ಎರಡು ತಾಸಿನಲ್ಲಿ ಬಾಗಿಲಿನ ಚಿಲಕ, ಕೊಡದ ಕಂಠ, ಒಂದು ಹಿಡಿ ಮೊಳೆ, ದೊರೆಯ ತಲೆಯಿದ್ದ ಒಂದು ಕಾಲಾಣೆ. ಬಿಸಿಲು ಏರಿದ ಮೇಲೆ ತೆಂಕಣ ಕೋಣೆಯ ಮೂಲೆಯಲ್ಲಿ ಯಂತ್ರ ಬಿಡದೆ ಕೂಗಿತು. ಒಂದೂವರೆ ಅಡಿ ಅಗೆದೆವು. ಅಲ್ಲಿ ಮಣ್ಣು ಮೆದು, ಬೇರೆ ಬಣ್ಣ. ಮೊದಲೇ ಯಾರೋ ತೋಡಿ ಮುಚ್ಚಿದ್ದು. ಕೈ ಹಾಕಿದಾಗ ಸಿಕ್ಕಿದ್ದು ಇದು: ಹೆಬ್ಬೆರಳಿನ ತುದಿಯಷ್ಟು ದಪ್ಪ, ಒಂದೂವರೆ ಅಂಗುಲ ಉದ್ದ, ಒಂದು ಕಡೆ ಚೂಪು, ಇನ್ನೊಂದು ಕಡೆ ಟೊಳ್ಳು. ಮೈಯೆಲ್ಲ ತುಕ್ಕಿನ ಹಕ್ಕಳೆ. ಅಲ್ಲೇ ಒಂದು ಗೇಣು ದೂರದಲ್ಲಿ ಅಂಥದ್ದೇ ಇನ್ನೊಂದು, ಅದು ಒಂದು ಬದಿ ಜಜ್ಜಿಹೋಗಿತ್ತು. ಎರಡರ ನಡುವೆ ಚಪ್ಪಟೆಯಾದ ಒಂದು ಕಬ್ಬಿಣದ ಪಟ್ಟಿ, ತುದಿಯಲ್ಲಿ ಕೊಕ್ಕೆ.

ಅಕ್ಕನ ಮಗ ಉಸಿರು ಬಿಗಿಹಿಡಿದು ನೋಡಿದ. "ಗುಂಡು ಮಾಮಾ. ಟಿಪ್ಪು ಕಾಲದ್ದು."

ಅವನು ಹಾಗೆಂದದ್ದು ಸಹಜವೇ. ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಕೈಯಲ್ಲಿತ್ತು. ಆದರೆ ಆ ಕಾಲದ ಬಂದೂಕಿನ ಗುಂಡು ಗೋಲಿಯ ಹಾಗೆ ದುಂಡಗೆ, ಸೀಸದ್ದು. ಚೂಪು ಮೂತಿಯ ಗುಂಡು ಬಳಕೆಗೆ ಬಂದದ್ದು ಅದಾಗಿ ಅರ್ಧ ಶತಮಾನದ ಮೇಲೆ. ಸೀಸ ಕೆಂಪಗೆ ತುಕ್ಕು ಹಿಡಿಯುವುದೂ ಇಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತ ತಂದು ಹಿಡಿದೆವು, ಪಟ್ಟನೆ ಅಂಟಿಕೊಂಡಿತು. ಕಬ್ಬಿಣವೇ. ಹಾಗಾದರೆ ಬಾಣದ ಮೊನೆಯೇ? ಗಾರೆಯವನು ಗೋಡೆಯ ನೇರ ನೋಡಲು ಇಳಿಬಿಡುವ ಗುಂಡೇ? ಅದಾದರೆ ಗಟ್ಟಿಯಾಗಿರಬೇಕು, ದಾರ ಪೋಣಿಸಲು ತೂತಿರಬೇಕು. ಊರುಗೋಲಿನ ತುದಿಗೆ ಹಾಕುವ ಕಟ್ಟೇ? ಒಂದಾದರೆ ಒಪ್ಪಬಹುದಿತ್ತು, ಜೋಡಿ ಯಾಕೆ? ರಾತ್ರಿ ಎರಡು ಗಂಟೆಯವರೆಗೆ ಲಾಡ್ಜಿನ ಮಂಚದ ಮೇಲೆ ಅವನ್ನು ಇಟ್ಟುಕೊಂಡು ಕುಳಿತಿದ್ದೆವು. ನಮ್ಮ ಕಣ್ಣು ಎರಡು ಸಾವಿರ ವರ್ಷ ಹಿಂದೆ, ಇನ್ನೂರು ವರ್ಷ ಹಿಂದೆ ಹುಡುಕುತ್ತಿತ್ತು. ಎಪ್ಪತ್ತು ವರ್ಷದ ಹಿಂದೆ ಹುಡುಕಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಕೊಯಮತ್ತೂರಿಗೆ ಹೋದೆವು. ಪಂಪು, ಮೋಟಾರು, ಗಿರಣಿಯ ಬಿಡಿಭಾಗ ಮಾಡುವ ಊರದು. ಬೀದಿಗೆ ನಾಲ್ಕು ಲೇತ್ ಅಂಗಡಿ. ವಯಸ್ಸಾದ ಲೇತ್ ಕೆಲಸಗಾರರೊಬ್ಬರು ಆ ಚೂಪು ತುಂಡುಗಳಲ್ಲಿ ಒಂದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಯ ಬ್ರಷ್ಷಿನಿಂದ ಒಂದು ಕಡೆ ಉಜ್ಜಿ, ಬೆಳಕಿಗೆ ಹಿಡಿದರು. ಸುತ್ತಲೂ ಕೂದಲೆಳೆಯಷ್ಟು ಸಣ್ಣ ಗೆರೆಗಳು ಕಂಡವು. "ಇದು ಲೇತ್‌ನಲ್ಲಿ ಕಡೆದ ಮಾಲು ಸಾರ್. ಯಂತ್ರದ ಕಾಲದ್ದು, ರಾಜರ ಕಾಲದ್ದಲ್ಲ" ಎಂದು ತಮಿಳಿನಲ್ಲಿ ಹೇಳಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಅಕ್ಕನ ಮಗನ ಮುಖ ಬಾಡಿತು. ನನಗೆ ಮಾತ್ರ ಆ ಗೆರೆಗಳನ್ನು ಕಂಡಾಗ ಎದೆಯಲ್ಲಿ ಏನೋ ಮೀಟಿದಂತಾಯಿತು, ಏನೆಂದು ತಿಳಿಯಲಿಲ್ಲ.

ಬೆಂಗಳೂರಿಗೆ ಹೊರಡುವ ಮುಂಚೆ ಸೋಮನೂರಿನಲ್ಲಿ ಅತ್ತೆಯನ್ನು ಕಂಡು ಬರುವುದು ನನ್ನ ವಾಡಿಕೆಯಾಗಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ. ಆಗ ಎಪ್ಪತ್ತೆಂಟು. ಮಗನ ಮನೆಯ ಹಿತ್ತಲಲ್ಲೇ ಎಂಟು ಪವರ್‌ಲೂಮ್‌ಗಳ ಶೆಡ್ಡು. ಹಗಲೂ ರಾತ್ರಿ ಅದರ ಸದ್ದಿನಲ್ಲೇ ಇದ್ದು ಅತ್ತೆಗೆ ಕಿವಿ ಮಂದವಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಆಕೆಗೆ ತೋರಿಸಬೇಕೆಂದು ನಾನು ಆ ತುಂಡನ್ನು ಒಯ್ದಿರಲಿಲ್ಲ. ಜೇಬಿನಲ್ಲಿ ಇತ್ತು, ಕರ್ಚೀಫು ತೆಗೆಯುವಾಗ ಕೆಳಗೆ ಬಿದ್ದು ಉರುಳಿತು. ಅತ್ತೆ ಬಗ್ಗಿ ಎತ್ತಿಕೊಂಡರು. ಕಣ್ಣಿನ ಹತ್ತಿರಕ್ಕೂ ಒಯ್ಯಲಿಲ್ಲ. ತೋರುಬೆರಳನ್ನು ಅದರ ಟೊಳ್ಳಿನೊಳಗೆ ತೂರಿಸಿ, ಹೆಬ್ಬೆರಳಿನಿಂದ ತುದಿಯನ್ನು ಒಂದು ಸುತ್ತು ತಡವಿದರು.

"ಲಾಳಿ ಮೂಗು" ಎಂದರು. ಸ್ವಲ್ಪ ತಡೆದು, "ನಮ್ಮ ಕುಣೀಲಿ ಸಿಕ್ತಾ?"

ಕುಣಿ ಎಂದರೆ ಮಗ್ಗದ ಕುಣಿ. ತೆಂಕಣ ಕೋಣೆಯ ಆ ಮೆದು ಮಣ್ಣು ತಾತನ ಕುಣಿಮಗ್ಗದ ಗುಂಡಿ. ನೇಯುವವನು ನೆಲದ ಮಟ್ಟಕ್ಕೆ ಕುಳಿತು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ಮೆಟ್ಟುಕೋಲು ತುಳಿಯುತ್ತಾನೆ. ಹಾಸಿನ ನೂಲು, ಎಂದರೆ ಉದ್ದಕ್ಕೆ ಬಿಗಿದ ಎಳೆಗಳು, ನೆಲಕ್ಕೆ ಹತ್ತಿರವಿರುತ್ತವೆ, ಮಣ್ಣಿನ ತಂಪಿಗೆ ಹತ್ತಿಯ ಎಳೆ ಬೇಗ ಹರಿಯುವುದಿಲ್ಲ. ನಾನು ಬೇಸಿಗೆ ರಜೆಗೆ ಹೋಗುವ ಹೊತ್ತಿಗೆ ಆ ಗುಂಡಿ ಮುಚ್ಚಿ, ಮೇಲೆ ನೆಲ ಸಾರಿಸಿ, ಅದು ಬತ್ತದ ಮೂಟೆಗಳ ಕೋಣೆಯಾಗಿತ್ತು. ಅಪ್ಪ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವರು. ನಾನು ಲಾಳಿಯನ್ನು ಪಠ್ಯಪುಸ್ತಕದ ಚಿತ್ರದಲ್ಲಿ ನೋಡಿದವನು. ಅಕ್ಕನ ಮಗನ ಬನಿಯನ್ ಬಟ್ಟೆ ಹೆಣೆಯುವುದು ಸೂಜಿಗಳಿಂದ, ಅಲ್ಲಿ ಲಾಳಿಗೆ ಕೆಲಸವೇ ಇಲ್ಲ. ಪಕ್ಕದ ಯಾವ ಶೆಡ್ಡಿನಲ್ಲಿ ಕೇಳಿದ್ದರೂ ಐದು ನಿಮಿಷದಲ್ಲಿ ಹೇಳುತ್ತಿದ್ದರು. ಪವರ್‌ಲೂಮಿನ ಲಾಳಿಗೂ ಲೋಹದ ಮೊನೆ ಇರುತ್ತದಲ್ಲ. ಆದರೆ ಅದು ನಮ್ಮ ತಾತನದೆಂದು ಹೇಳಬಲ್ಲವರು ಅತ್ತೆಯೊಬ್ಬರೇ.

ಅವರು ಹೇಳಿದ್ದನ್ನು ಅವರ ಮಾತಿನ ವೇಗದಲ್ಲಿ ಬರೆಯಲಾರೆ. ಅತ್ತೆಗೆ ಆಗ ಒಂಬತ್ತು ವರ್ಷ. ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದರು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸುತ್ತು. ತಾತನ ಬಲಗೈಯಲ್ಲಿ ಹಗ್ಗ. ಎಳೆದರೆ ಲಾಳಿ ಈಚೆಯಿಂದ ಆಚೆಗೆ, ಮತ್ತೆ ಎಳೆದರೆ ಆಚೆಯಿಂದ ಈಚೆಗೆ. ಹಾಸಿನ ಎಳೆಯೊಂದು ಹರಿದು ಅಡ್ಡ ಬಿದ್ದಿದ್ದು ತಾತನ ಕಣ್ಣಿಗೆ ಬೀಳಲಿಲ್ಲ. ಲಾಳಿ ದಾರಿ ತಪ್ಪಿ ಮಗ್ಗದಿಂದ ಹಾರಿ ಬಂದು ಅತ್ತೆಯ ಹುಬ್ಬಿಗೆ ಬಡಿಯಿತು, ಅಲ್ಲಿಂದ ಕಲ್ಲಿನ ಹೊಸ್ತಿಲಿಗೆ ಬಿದ್ದು ಸೀಳಿತು. ಅತ್ತೆ ನನ್ನ ಕೈಹಿಡಿದು ತಮ್ಮ ಎಡಹುಬ್ಬಿನ ಮೇಲಿಟ್ಟರು. ಕೂದಲಿನ ನಡುವೆ ಒಂದು ಗೆರೆ, ಬೆರಳಿಗೆ ಸಿಗುವಷ್ಟು. ಅರವತ್ತೊಂಬತ್ತು ವರ್ಷದ ಗಾಯದ ಕಲೆಯನ್ನು ನಾನು ಅಷ್ಟು ವರ್ಷ ನೋಡಿಯೂ ನೋಡಿರಲಿಲ್ಲ.

"ಅಪ್ಪ ಆವತ್ತು ಉಣ್ಣಲಿಲ್ಲ. ಒಡೆದ ಲಾಳೀನ ಒಲೆಗೆ ಹಾಕು ಅಂದಳು ಅಮ್ಮ. ಅನ್ನ ಕೊಟ್ಟ ಮರ ಕಣೇ, ಒಲೆಗೆ ಹಾಕೋದಾ ಅಂತ ಕುಣಿಯೊಳಗೇ ಒಂದು ಮೂಲೇಲಿ ಹೂತ."

ಮರ ಮಣ್ಣಾಗಿದೆ. ಎರಡೂ ತುದಿಯ ಮೂಗು ಉಳಿದಿವೆ. ಒಂದು ಯಾಕೆ ಜಜ್ಜಿಹೋಗಿದೆ ಎಂದು ನಮ್ಮ ಪೈಕಿ ಯಾರಿಗೂ ಇನ್ನು ವಿವರಿಸಬೇಕಾಗಿಲ್ಲ.

ಹಗ್ಗ ಎಳೆದರೆ ಓಡುವ ಈ ಲಾಳಿ ನಮ್ಮ ಸೀಮೆಯಲ್ಲಿ ಹುಟ್ಟಿದ್ದಲ್ಲ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬವನು ಅದಕ್ಕೆ ಪೇಟೆಂಟ್ ಪಡೆದ. ನಮ್ಮವರು ಅದಕ್ಕೂ ಮುಂಚೆ, ಅದಾದ ಮೇಲೂ ಬಹುಕಾಲ ಕೈಯಿಂದ ಕೈಗೆ ಲಾಳಿ ಎಸೆದೇ ನೇಯ್ದವರು. ಮದ್ರಾಸು ಪ್ರಾಂತ್ಯದಲ್ಲಿ ಕಳೆದ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಸೇಲಂನಲ್ಲಿ ನೇಯ್ಗೆಯ ಕಾರ್ಖಾನೆ ನಡೆಸಿ, ಈ ಹೊಸ ಲಾಳಿಯನ್ನು ನೇಕಾರರಿಗೆ ರೂಢಿಮಾಡಿಸಲು ದುಡಿದರು. ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯನ್ನು ನೋಡಿಕೊಂಡವರೂ ಅವರೇ. ಕೈಯಿಂದ ಎಸೆಯುವ ಲಾಳಿಗೆ ಕೈಯೇ ಮೆತ್ತೆ. ಓಡುವ ಲಾಳಿ ದಿನಕ್ಕೆ ಸಾವಿರಾರು ಸಲ ಮಗ್ಗದ ಎರಡು ಬದಿಯ ಗೂಡಿಗೆ ಗುದ್ದಬೇಕು. ಅದಕ್ಕೇ ಎರಡು ತುದಿಗೂ ಕಬ್ಬಿಣದ ಟೋಪಿ. ತಾತ ಅದನ್ನು ಯಾವಾಗ ಮನೆಗೆ ತಂದರೋ, ಆವತ್ತಿನಿಂದ ಕೈಮಗ್ಗದ ಸದ್ದು ಬದಲಾಯಿತು ಎಂದು ಅತ್ತೆಗೆ ಅವರ ಅಮ್ಮ ಹೇಳಿದ್ದರಂತೆ. ಮೊದಲು ಸರ್ ಸರ್, ಆಮೇಲೆ ಟಕ್ ಟಕ್.

ನಾವು ನೇಯುವ ದೇವಾಂಗದವರು. ಮದ್ರಾಸು ಪ್ರಾಂತ್ಯದ ದೇವಾಂಗರಲ್ಲಿ ತೆಲುಗು ಮಾತಿನವರೂ ಕನ್ನಡ ಮಾತಿನವರೂ ಇದ್ದಾರೆಂದು 1909ರಲ್ಲಿ ಇಲ್ಲಿನ ಜಾತಿಗಳನ್ನು ಕುರಿತು ಬರೆದ ಎಡ್ಗರ್ ಥರ್ಸ್ಟನ್ ದಾಖಲಿಸಿದ್ದಾರೆ. ನಮ್ಮ ಮನೆಯದು ಕನ್ನಡ. ಆದರೆ ಎಂಥ ಕನ್ನಡ! ಅತ್ತೆಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಬೆಂಗಳೂರಿನ ತಮ್ಮನಿಗೆ ಅವರು ಬರೆಸುತ್ತಿದ್ದ ಕಾಗದಗಳಲ್ಲಿ ಮಾತು ಕನ್ನಡ, ಅಕ್ಷರ ತಮಿಳು. ತಮಿಳಿನ ಮೂಲ ಅಕ್ಷರಮಾಲೆಯಲ್ಲಿ ನಮ್ಮ ಹಕಾರವಿಲ್ಲ. ಅತ್ತೆಯ ಬಾಯಲ್ಲೂ ಇರಲಿಲ್ಲ. ಮಗ್ಗದ ಬಾಚಣಿಗೆಯಾದ ಹಣಿಗೆ ಅವರಿಗೆ ಅಣಿಗೆ, ಹಾಸು ಆಸು, ಅಡ್ಡ ಎಳೆಯಾದ ಹೊಕ್ಕು ಒಕ್ಕು. ಊರಿನವರು ಲಾಳಿಗೆ ನಾಡಾ ಎನ್ನುತ್ತಾರೆ, ಮಗ್ಗಕ್ಕೆ ತರಿ ಎನ್ನುತ್ತಾರೆ. ಹಾದಿಯಲ್ಲಿ ಅತ್ತೆಯೂ ಹಾಗೇ ಹೇಳುತ್ತಿದ್ದರು. ಹೊಸ್ತಿಲು ದಾಟಿ ಒಳಗೆ ಬಂದರೆ ಲಾಳಿ, ಮಗ್ಗ. ಅವರ ಮಗ ಕನ್ನಡ ಆಡುತ್ತಾನೆ, ಆದರೆ ಲಾಳಿ ಎನ್ನುವುದಿಲ್ಲ. ಮೊಮ್ಮಗಳು ಕನ್ನಡ ತಿಳಿದುಕೊಳ್ಳುತ್ತಾಳೆ, ಮರುಮಾತು ತಮಿಳಿನಲ್ಲಿ. ಇದರಲ್ಲಿ ಯಾರ ತಪ್ಪೂ ಇಲ್ಲ. ತಮಿಳು ಆ ಮಕ್ಕಳಿಗೆ ಅನ್ನದ ಮಾತು, ಗೆಳೆತನದ ಮಾತು, ನಮ್ಮ ಹಿರಿಯರನ್ನು ನೂರಾರು ವರ್ಷ ಸಾಕಿದ ನೆಲದ ಮಾತು. ಆದರೂ ಆ ಹೊಸ್ತಿಲು ಒಂದೊಂದು ತಲೆಮಾರಿಗೆ ಒಂದೊಂದು ಅಂಗುಲ ಸವೆಯುವುದನ್ನು ಕಂಡರೆ ನನಗೆ ನೋವಾಗುತ್ತದೆ.

ಮಗ್ಗ ಹೋದರೆ ಮಗ್ಗದ ಮಾತು ಹೋಗುತ್ತದೆ. ಇಸವಿ ಹಾಕಿ ಹೇಳುವಷ್ಟು ನನ್ನ ಕಣ್ಣೆದುರೇ ಇದು ನಡೆದಿದೆ. ಸೋಮನೂರು, ಕರುಮತ್ತಂಪಟ್ಟಿ, ಪಲ್ಲಡದ ಕಡೆ ಪವರ್‌ಲೂಮ್‌ಗಳವರಲ್ಲಿ ಹೆಚ್ಚಿನವರು ಕೂಲಿಗೆ ನೇಯುವವರು. ನೂಲು ಕೊಡುವ ಸಾಹುಕಾರರು ಬೇರೆ, ನೇಯ್ದು ಕೊಡುವವರು ಬೇರೆ. ಒಪ್ಪಿದ ಕೂಲಿ ಸಿಗಲಿಲ್ಲವೆಂದು 2022ರ ಜನವರಿಯಲ್ಲಿ ಮಗ್ಗಗಳು ನಿಂತವು, ವಾರಗಟ್ಟಲೆ ನಿಂತವು. ಅತ್ತೆಯ ಮಗ ಆ ವರ್ಷ ಎಂಟರಲ್ಲಿ ನಾಲ್ಕು ಮಗ್ಗವನ್ನು ಗುಜರಿಯವರಿಗೆ ತೂಕಕ್ಕೆ ಹಾಕಿದ. ಶೆಡ್ಡಿನ ಸದ್ದು ಅರ್ಧಕ್ಕೆ ಇಳಿದ ದಿನ, ಕಿವಿ ಮಂದವಾಗಿದ್ದ ಅತ್ತೆ ಒಳಗಿನಿಂದ ಎದ್ದು ಬಂದು, "ಏನಾಯ್ತು, ಕರೆಂಟ್ ಹೋಯ್ತಾ?" ಎಂದು ಕೇಳಿದರಂತೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಈ ಬರಹ ಬರೆಯುತ್ತಿರುವುದೇ ಅದಕ್ಕಾಗಿ.

ಲಾಳಿಯ ಮೂಗುಗಳ ಜೊತೆ ಸಿಕ್ಕ ಆ ಕೊಕ್ಕೆಯನ್ನೂ ಅದೇ ದಿನ ಅತ್ತೆಗೆ ತೋರಿಸಿದ್ದೆ. ಅದನ್ನೂ ಬೆರಳಿನಿಂದಲೇ ಗುರುತಿಸಿದರು. ಹೊಸ ಹಾಸು ಏರಿಸುವಾಗ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹಣಿಗೆಯ ಹಲ್ಲುಗಳ ಸಂದಿನಿಂದ ಈಚೆಗೆ ಎಳೆಯಬೇಕು. ಇಬ್ಬರ ಕೆಲಸ. ಆಚೆ ಒಬ್ಬರು ಎಳೆ ಆರಿಸಿ ಕೊಡಬೇಕು, ಈಚೆ ಒಬ್ಬರು ಕೊಕ್ಕೆ ತೂರಿಸಿ ಎಳೆದುಕೊಳ್ಳಬೇಕು. ಆಚೆ ಕುಳಿತು ಎಳೆ ಕೊಡುತ್ತಿದ್ದವಳು ಅಜ್ಜಿ, ಈಚೆ ತಾತ. ಅಜ್ಜಿ ಮುಟ್ಟಾದಾಗ ಅತ್ತೆ. ಒಂದು ಎಳೆ ತಪ್ಪಿದರೆ ಇಡೀ ಪಂಚೆಯುದ್ದಕ್ಕೂ ಗೀರು ಬೀಳುತ್ತಿತ್ತು. ಇಷ್ಟನ್ನೂ ಹೇಳಿ ಅತ್ತೆ ಆ ಕೊಕ್ಕೆಯ ಹೆಸರನ್ನೂ ಹೇಳಿದರು. ಮೂರಕ್ಷರದ ಮಾತು. ನಾನು ಎಲ್ಲೂ ಕೇಳಿರದ ಮಾತು. ಬಹಳ ಚೆನ್ನಾಗಿದೆ ಎನ್ನಿಸಿತು, ಒಮ್ಮೆ ನಾನೂ ಬಾಯಿಬಿಟ್ಟು ಹೇಳಿದೆ. ಆದರೆ ಬರೆದುಕೊಳ್ಳಲಿಲ್ಲ. ಅಕ್ಕನ ಮಗ ಬೈಕ್ ಸ್ಟಾರ್ಟ್ ಮಾಡಿದ್ದ, ಸೋಮನೂರು ಸ್ಟೇಷನ್ನಿಗೆ ರೈಲಿನ ಹೊತ್ತಾಗಿತ್ತು. ಮುಂದಿನ ಸಲ ಬಂದಾಗ ಕುಳಿತು ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತೇನೆ ಎಂದುಕೊಂಡೆ.

ಮುಂದಿನ ವರ್ಷ ಕೊರೋನಾ ಬಂತು. ಆಮೇಲೆ ಹೋದಾಗ ಅತ್ತೆಗೆ ನೆನಪು ಜಾರಲು ಶುರುವಾಗಿತ್ತು. ಕೊಕ್ಕೆಯನ್ನು ಕೈಗೆ ಕೊಟ್ಟೆ. ಬೆರಳುಗಳು ಅದನ್ನು ಸರಿಯಾಗಿಯೇ ಹಿಡಿದವು, ಹಲ್ಲಿನ ಸಂದಿಗೆ ತೂರಿಸುವ ಹಾಗೆ ಎರಡು ಸಲ ಮುಂದೆ ಹೋಗಿ ಹಿಂದೆ ಬಂದವು. ಹೆಸರು ಬಾಯಿಗೆ ಬರಲಿಲ್ಲ. 2023ರ ಮಾಘದಲ್ಲಿ ಅತ್ತೆ ತೀರಿಕೊಂಡರು.

ಆ ಮಾತಿಗಾಗಿ ಅತ್ತೆ ಅಪ್ಪನಿಗೆ ಬರೆಸಿದ ಹಳೆಯ ಕಾಗದಗಳನ್ನೆಲ್ಲ, ತಮಿಳು ಅಕ್ಷರವನ್ನು ಕೂಡಿಸಿ ಕೂಡಿಸಿ ಓದಿದೆ. ಅವುಗಳಲ್ಲಿ ನೂಲಿನ ಬೆಲೆ ಇದೆ, ಮಳೆ ಇದೆ, ಚೌಡೇಶ್ವರಿಯ ಹಬ್ಬಕ್ಕೆ ಬರಬೇಕೆಂಬ ಕರೆ ಇದೆ, ಕೊಕ್ಕೆ ಇಲ್ಲ. ದಿನವೂ ಕೈಯಲ್ಲಿದ್ದ ವಸ್ತುವನ್ನು ಯಾರು ತಾನೇ ಕಾಗದದಲ್ಲಿ ಬರೆಯುತ್ತಾರೆ? ನಿಘಂಟುಗಳನ್ನು ನೋಡಿದೆ. ಲಾಳಿ ಸಿಕ್ಕಿತು, ಹಣಿಗೆ ಸಿಕ್ಕಿತು, ಅದು ಸಿಗಲಿಲ್ಲ. ಕೊಡುಮಣಲ್ಲಿನ ಕದಿರಿಗೆ ಅದನ್ನು ತಿರುಗಿಸಿದವಳು ಏನೆನ್ನುತ್ತಿದ್ದಳೋ, ಅದನ್ನು ಕೇಳಲು ನಾವು ಎರಡು ಸಾವಿರ ವರ್ಷ ತಡವಾಗಿ ಹುಟ್ಟಿದೆವು. ಈ ಕೊಕ್ಕೆಯ ಹೆಸರನ್ನು ನನ್ನ ಕಿವಿಯೇ ಕೇಳಿತ್ತು.

ಒಂದು ಆಸೆ ಮಾತ್ರ ಉಳಿದಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೆಣ್ಣು ತರುವುದು, ಕೊಡುವುದು ನಮ್ಮ ಮನೆಗಳಲ್ಲಿ ಇತ್ತು. ಅಜ್ಜಿಯ ತವರು ಆ ಕಡೆಯದೇ. ಆ ಮಾತು ಅಜ್ಜಿಯ ಜೊತೆ ಗಾಡಿಯಲ್ಲಿ ಬಂದದ್ದಾದರೆ, ಅದರ ಒಡಹುಟ್ಟು ಅಲ್ಲಿ ಇನ್ನೂ ಯಾರದಾದರೂ ಬಾಯಲ್ಲಿ ಇರಬಹುದು.

ಕೊಕ್ಕೆ ನನ್ನ ಮೇಜಿನ ಮೇಲಿದೆ. ಆರು ಅಂಗುಲ ಉದ್ದ, ಅರ್ಧ ಅಂಗುಲ ಅಗಲ, ಬೆರಳ ಉಗುರಿನಷ್ಟು ತೆಳು. ಒಂದು ತುದಿಯಲ್ಲಿ ಒಳಕ್ಕೆ ಕೊರೆದ ಸಣ್ಣ ಕಚ್ಚು, ಇನ್ನೊಂದು ತುದಿಯಲ್ಲಿ ದಾರ ಕಟ್ಟುವ ತೂತು. ಕೊಳ್ಳೇಗಾಲ, ದೊಡ್ಡಬಳ್ಳಾಪುರ, ಮೊಳಕಾಲ್ಮೂರು, ಇಳಕಲ್, ಗುಳೇದಗುಡ್ಡ, ಎಲ್ಲೇ ಆಗಲಿ, ನಿಮ್ಮದು ಮಗ್ಗದ ಮನೆಯಾಗಿದ್ದು ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ ಇಂದೇ ಕೇಳಿ ನೋಡಿ. ಹಣಿಗೆಯ ಸಂದಿನಿಂದ ಎಳೆ ಎಳೆಯುವ ಆ ಕೊಕ್ಕೆಗೆ ಅವರು ಏನೆನ್ನುತ್ತಿದ್ದರು? ಮೂರಕ್ಷರ. ಕೊನೆಯಲ್ಲಿ ಲಾಳಿಯ ಹಾಗೆಯೇ ‘ಳಿ’ ಇತ್ತೆಂದು ನನಗೆ ನೆನಪು. ಗೊತ್ತಾದರೆ ದಯವಿಟ್ಟು ನನಗೆ ತಿಳಿಸಿ.